ಎಷ್ಟು ಜೇಬು

ಬಳ್ಳಾರಿ ಕೌಲ್ ಬಜಾರಿನ ಹಿಂದೆ, ಜೀನ್ಸ್ ಶೆಡ್ಡಿನಲ್ಲಿ,
ಬೆಳಿಗ್ಗೆ ನಾನು ಕೇಳುವುದು ಇಷ್ಟೇ:
ಇವತ್ತು ಎಷ್ಟು ಜೇಬು?

ತಿಪ್ಪೇಶ, ದಾರ ಪೋಣಿಸುವ ಮೊದಲೇ,
"ಇನ್ನೂರು ಬರ್ಕೋ ಅಕ್ಕ."
ಹುಲಿಗೆಮ್ಮ, ಸೂಜಿಯನ್ನೇ ನೋಡುತ್ತ,
"ನೂರಾದ್ರೆ ಆದಾವ್ರಿ."

ಸಂಜೆ ಎಲ್ಲರ ಬೆರಳೂ ನೀಲಿ.
ಅವನವು ನೂರಾ ಮೂವತ್ತು.
"ಮಿಷಿನ್ ಸರಿ ಇಲ್ಲ."
ಇವಳವು ನೂರಾ ತೊಂಬತ್ತೆಂಟು.
"ಮಿಷಿನ್ ಚಲೋ ಇತ್ರಿ. ಇನ್ನೊಮ್ಮೆ ಎಣಸ್ರಿ ಅಕ್ಕ,
ಎಲ್ಲೋ ತಪ್ಪೈತಿ."

ಎಣಿಸಿದೆ. ನೂರಾ ತೊಂಬತ್ತೊಂಬತ್ತು.
ಒಂದು ಅವಳ ಮಡಿಲಲ್ಲೇ ಉಳಿದಿತ್ತು.

ಮಿಷಿನ್ನಿನ ಹೆಸರು ಬರೆಯಲು ನನ್ನ ಪುಸ್ತಕದಲ್ಲಿ ಜಾಗವಿಲ್ಲ,
ನಿನ್ನದನ್ನೇ ಬರೆಯುತ್ತೇನೆ ಎಂದೆ.
ನಾಚಿದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಕೂಲಿ ಕೊಟ್ಟೆ.
ದಿನವಿಡೀ ಜೇಬು ಹೊಲಿದವಳ ಚೂಡಿದಾರಕ್ಕೆ ಜೇಬಿಲ್ಲ.
ನೋಟುಗಳನ್ನು ಮುಷ್ಟಿಯಲ್ಲಿ ಹಿಡಿದು
ಓಣಿಯ ಗೋಡೆ ಸವರುತ್ತ ಹೋದಳು.