ಪತ್ತೇಮಾರಿ

ವಾಡಿ ಜಂಕ್ಷನ್, ಟಪಾಲು ವಿಂಗಡಿಸೋ ಕೋಣಿ.
ರಾತ್ರಿ ಎರಡೂವರಿ.
ಸಿಮೆಂಟಿನ ಧೂಳು ಟೇಬಲ್ ಮ್ಯಾಲ, ಚಹಾದ ಮ್ಯಾಲ.
ಭಟ್ಕಳದಿಂದ ವರ್ಗ ಆಗಿ ಬಂದ ಮೊಹತೆಶಮ್
ವಿಳಾಸ ಅಳಿಸಿದ ಲಕೋಟಿಯೊಂದು ದೀಪಕ್ಕ ಹಿಡದು
ಸುಮ್ಮನ ಅಂದ:
“ನಮ್ಮಜ್ಜನದ್ದು ಒಂದು ಪತ್ತೇಮಾರಿ ಇತ್ತು.”

ನನಗ ಕೇಳಿಸಿದ್ದು ಎರಡು ಶಬ್ದ.
ನಮ್ಮ ಕಡಿ ಮಾರಿ ಅಂದ್ರ ಮುಖ.
ಪತ್ತೆ ಇಲ್ಲದ ಮಾರಿ
ಈ ಪ್ಲಾಟ್‌ಫಾರ್ಮಿನ್ಯಾಗ ದಿನಾ ಕಾಣ್ತಾವ,
ಬೆಂಚಿನ ಮ್ಯಾಲ ಚಾದರ ಹೊದ್ಕೊಂಡು.

“ಹಡಗು ಮಾರಾಯ! ಎರಡು ಹಾಯಿ.
ಹೆಂಚು ಹೇರಿಕೊಂಡು ಹೋಗುವುದು,
ಖರ್ಜೂರ ಹೇರಿಕೊಂಡು ಬರುವುದು.
ಮಳೆಗಾಲ ಪೂರ್ತಿ ಮಡಲು ಹೊದ್ದು
ದಡದಲ್ಲೇ ಮಲಗುವುದು.”

ಹಡಗು ನಾ ನೋಡಿಲ್ಲ.
ನೀರಂದ್ರ ನನಗ ಕಾಗಿಣಾ:
ಬ್ಯಾಸಗ್ಯಾಗ ಮೊಣಕಾಲಿಗಿ ಬರಲ್ಲ,
ಭಾದ್ರಪದದಾಗ ಎಮ್ಮಿ ಸೈತ ಬಿಡಲ್ಲ.

ಮರುದಿನ ರದ್ದಿ ಅಂಗಡ್ಯಾಗ ಕೊಂಡ ನಿಘಂಟು ತಗದೆ.
‘ಕರಾವಳಿಯ ವೇಗದ ನಾವೆ.’
ಕೆಳಗ ಹುಳ ತಿಂದು ಉಳಿಸಿದ್ದ ಸಾಲು:
‘ಮೊದಲಿಗೆ, ಓಲೆ ಒಯ್ಯುವ ಓಟಗಾರ.’
ಕೊಂಕಣಿ ಶಬ್ದೋ, ಮಲೆಯಾಳದ್ದೋ,
ಪ್ರಶ್ನೆ ಚಿಹ್ನಿ ಹಾಕಿ ಅದೂ ಕೈಬಿಟ್ಟದ.

ಪುಸ್ತಕ ಮುಚ್ಚಿದೆ. ಮತ್ತ ತಗದೆ.
ಅಂದ್ರ ಮೊದಲು ಮನುಷ್ಯಾ ಓಡ್ಯಾನ.
ಅವನ ಹೆಸರು ಆಮ್ಯಾಲ ನೀರಿಗಿ ಇಳದದ.

ನಮ್ಮ ಮುತ್ಯಾ ಜಟ್ಟೆಪ್ಪ ನಿಜಾಮಶಾಹಿ ಹರಕಾರ.
ಸೇಡಂದಿಂದ ಚಿತ್ತಾಪುರದ ಕಡಿ,
ಕೋಲಿಗಿ ಗೆಜ್ಜಿ, ಹೆಗಲಿಗಿ ಚೀಲ.
ಗೆಜ್ಜಿ ಸಪ್ಪಳಕ್ಕ ಹಾವು ಸರೀತಿದ್ವು,
ನಾಯಿ ಮಾತ್ರ ಬೆನ್ನು ಹತ್ತುತಿದ್ವು ಅಂತಿದ್ದ.
ಹೊಳಿ ಬಂದ ದಿನ ಒಣ ಸೋರೆಬುರುಡಿ ಎದಿಗಿ ಕಟ್ಟಿ,
ಚೀಲ ತಲಿಗಿ ಕಟ್ಟಿ, ಈಸು ಬೀಳ್ತಿದ್ದ.
ಪತ್ರ ಒಣಗೇ ಮುಟ್ಟತಿದ್ವು.
ಒಂದಕ್ಷರ ಅವಗ ಓದಾಕ ಬರ್ತಿರಲಿಲ್ಲ.

ಹರಕಾರ ಅನ್ನೋ ಶಬ್ದ
ಯಾವ ಹಡಗಿಗೂ ಹತ್ತಲಿಲ್ಲ.
ನಮಗ ಅಡ್ಡಹೆಸರಾಗಿ ಹತ್ತಿತು,
ಸಾಲಿ ಮಾಸ್ತರು ‘ಹರಕಾರಿ’ ಬರದ,
ರೇಷನ್ ಕಾರ್ಡಿನಾಂವ ‘ಹರಕೇರಿ’.
ಈಗ ಮಂದಿ ಕೇಳ್ತಾರ, ಹರಕೇರಿ ಎಲ್ಲಿ ಬರ್ತದ್ರಿ?
ಅಂಥ ಊರು ನನಗ ಗೊತ್ತಿಲ್ಲ.

ರಾತ್ರಿ ಮೊಹತೆಶಮ್‌ಗ ಎಲ್ಲಾ ಹೇಳಿದೆ.
ಬಾಳ ಹೊತ್ತು ಸುಮ್ಮನಿದ್ದ.
“ಹಾಗಾದರೆ ನಮ್ಮಜ್ಜ ನಿಮ್ಮಜ್ಜನ ಮೇಲೆ ಹತ್ತಿ
ಕೊಲ್ಲಿಗೆ ಹೋಗಿ ಬಂದ ಅನ್ನು,” ಅಂದ.
ಇಬ್ಬರೂ ನಕ್ಕೆವು. ಗೂಡ್ಸ್ ಗಾಡಿ ಹಾದು ಹೋತು,
ಕಪಾಟು ಗಡಗಡ ಅಂತು.

ಆ ಲಕೋಟಿ ಇನ್ನೂ ಖಾನಿ ಒಳಗ ಇತ್ತು.
ಅದರ ಮಾರಿ ಮತ್ತೊಮ್ಮೆ ನೋಡಿದೆ.
‘…ಣಗೇರಾ’ ಅಂತ ಕಾಣ್ತು. ಗುರುಮಠಕಲ್ ಚೀಲಕ್ಕ ಹಾಕಿದೆ.
ತಪ್ಪಿದ್ರ ತಿರುಗಿ ಬರ್ತದ.