ಯಾರೂ ಮುಟ್ಟದಿದ್ದಾಗ

ಡೌಗವ್‌ಪಿಲ್ಸ್‌ನ ಟ್ರಾಮ್ ಡಿಪೋದ ಮೇಲಂತಸ್ತಿನಲ್ಲಿ
ಏಳು ಹಳೆಯ ಕಂಪ್ಯೂಟರುಗಳು.
ಹೊಸ ಸರ್ವರಿಗೆ ದುಡ್ಡಿಲ್ಲ, ಅಂದರು ಆರ್ವೀಡ್ಸ್.
ಹಗಲು ಇವು ಗುಮಾಸ್ತರವು, ರಾತ್ರಿ ನಿನ್ನವು.
ಎಲ್ಲ ಎದ್ದು ಹೋದಮೇಲೆ ಬಿಲ್ಡ್ ಮಾಡಿಸಿಕೋ,
ಯಾರಾದರೂ ಬಂದರೆ ತೆಪ್ಪಗೆ ಬಿಟ್ಟುಕೊಡು.

ಪ್ಲಗಿನ್ ಬರೆಯಲು ಕೂತೆ. ಮೊದಲ ಸಾಲಿಗೇ ತೊಡಕು:
ಹೋದರು ಅನ್ನುವುದು ಯಂತ್ರಕ್ಕೆ ಹೇಗೆ ಗೊತ್ತು?
ಕೀಲಿಮಣೆ ಸುಮ್ಮನಿದೆ, ಮೌಸ್ ಸುಮ್ಮನಿದೆ,
ಅಷ್ಟಕ್ಕೇ ಕುರ್ಚಿ ಖಾಲಿಯೆ?
ವೇಳಾಪಟ್ಟಿಯ ಗುಂಡಾರ್ಸ್ ಪರದೆ ದಿಟ್ಟಿಸುತ್ತ
ಇಪ್ಪತ್ತು ನಿಮಿಷ ಕೂತುಬಿಡುತ್ತಾನೆ,
ಮಾರುಕಟ್ಟೆಯ ತಿರುವಿನಲ್ಲಿ ಮೂರನೇ ನಂಬರು
ದಿನಾ ಯಾಕೆ ತಡವಾಗುತ್ತದೆಂದು.
ಬೆರಳೂ ಅಲುಗದು. ಅದೇ ಅವನ ದುಡಿಮೆ.
ಹದಿನೈದು ಅಂತ ಬರೆದಿದ್ದೆ. ಅಳಿಸಿ ಮೂವತ್ತು ಮಾಡಿದೆ.
ಸಂಖ್ಯೆ ಬದಲಾಯಿತು, ಪ್ರಶ್ನೆ ಹಾಗೇ ಕೂತಿತ್ತು.

ಮೊದಲ ರಾತ್ರಿ ಮನೆಯಿಂದ ನೋಡಿದೆ:
ಒಂದೊಂದೇ ಹೆಸರಿನ ಮುಂದೆ ಹಸಿರು ಚುಕ್ಕೆ,
ಏಳೂ ಎದ್ದವು.
ಒಂಬತ್ತು ನಲವತ್ತಕ್ಕೆ ಒಂದು ಬಿತ್ತು.
ನಲವತ್ತೆರಡಕ್ಕೆ ಪಕ್ಕದ್ದು. ನಲವತ್ತೈದಕ್ಕೆ ಅದರ ಪಕ್ಕದ್ದು,
ಯಾರೋ ದೀಪ ಆರಿಸುತ್ತ ನಡೆದ ಹಾಗೆ.
ಮರುದಿನವೂ. ಅದರ ಮರುದಿನವೂ.
ತಪ್ಪು ನನ್ನದೇ ಇರಬೇಕೆಂದು ನಾಲ್ಕು ದಿನ
ಕೋಡಿನಲ್ಲಿ ಕಲ್ಲು ಆರಿಸಿದೆ.

ಐದನೆಯ ರಾತ್ರಿ ಅಲ್ಲೇ ಉಳಿದೆ, ಕೋಟು ಬಿಚ್ಚದೆ
(ಹೀಟರು ಎಂಟಕ್ಕೇ ಆರುತ್ತದೆ).
ಬಾಗಿಲು ತಳ್ಳಿಕೊಂಡು ಬಂದಳು ಕಪಿತೋಲಿನಾ,
ಬಕೆಟ್ಟು, ಒದ್ದೆ ಬಟ್ಟೆ, ಜೇಬಿನಲ್ಲಿ ಗೊಣಗುವ ರೇಡಿಯೋ.
ಮೊದಲ ಮೇಜು. ಮೌಸನ್ನೆತ್ತಿ, ಅಡಿಯಲ್ಲಿ ಒರೆಸಿ,
ಇದ್ದಲ್ಲೇ ಇಟ್ಟಳು.
ಪರದೆ ಬೆಳಗಿತು. ನನ್ನ ಬಿಲ್ಡು ಸತ್ತಿತು.

ದಿನಾ ಹೀಗೇ, ಅಂದಳು. ಎಚ್ಚರಾಗುತ್ತವೆ,
ಪಾಸ್‌ವರ್ಡು ಕೇಳುತ್ತವೆ. ನನಗೆಲ್ಲಿಯದು?

ಆರ್ವೀಡ್ಸ್‌ಗೆ ಹೇಳಿದರೆ
ಮೌಸ್ ಮುಟ್ಟಬಾರದು ಎಂದು ಚೀಟಿ ಅಂಟಿಸುತ್ತಾರೆ.
ಹೇಳಲಿಲ್ಲ. ಪ್ಲಗಿನ್ನಿಗೇ ಕಲಿಸಿದೆ:
ಕೈ ಸೋಕಿದ ಕೂಡಲೆ ಕೊಲ್ಲಬೇಡ. ಹಾಗೇ ನಿಲ್ಲು.
ಪಾಸ್‌ವರ್ಡು ಬಂದರೆ ಜಾಗ ಬಿಡು.
ಬರದಿದ್ದರೆ, ನಾಲ್ಕು ನಿಮಿಷ ಕಾದು,
ಬಿಟ್ಟಲ್ಲಿಂದ ಹಿಡಿ.
ಆ ಕಾಯುವಿಕೆಗೆ ಕೋಡಿನಲ್ಲೊಂದು ಹೆಸರು ಬೇಕಿತ್ತು.
ಅವಳದೇ ಇಟ್ಟೆ.
ಓದಿದ ಗುಂಡಾರ್ಸ್ ಕೇಳಿದ, ಯಾರಿದು?
ಹನ್ನೊಂದು ವರ್ಷದಿಂದ ಒರೆಸುತ್ತಿದ್ದಾಳೆ ಅವನ ಮೇಜು.

ಈಗ ಒಂಬತ್ತು ನಲವತ್ತಾದರೆ
ಚುಕ್ಕೆಗಳು ಹಳದಿಗೆ ತಿರುಗುತ್ತವೆ, ಮತ್ತೆ ಹಸಿರಿಗೆ.
ಸೂಪು ಕುಡಿಯುತ್ತ ಅಂದುಕೊಳ್ಳುತ್ತೇನೆ,
ಈಗ ಕಿಟಕಿಯ ಪಕ್ಕ, ಈಗ ಕಂಬದ ಹಿಂದೆ.
ನಿನ್ನೆ ಆರನೆಯದು ಹಳದಿಯಾಗಿಯೇ ಉಳಿಯಿತು,
ಹತ್ತೂವರೆಯಾದರೂ.
ಮೂರು ನಿಮಿಷಕ್ಕೊಮ್ಮೆ ಮೌಸ್ ಒಂಚೂರು ಅಲುಗಿದೆ,
ಲಾಗಿನಲ್ಲಿದೆ.
ಕೂತಿರಬೇಕು,
ಪರದೆಯ ಬೆಳಕು ಆರದ ಹಾಗೆ ನೋಡಿಕೊಂಡು.
ಬಿಲ್ಡು ಬೆಳಗಿನ ತನಕ ಎಳೆಯಿತು. ಎಳೆಯಲಿ.