ಅಭಿಪ್ರಾಯ ಚೀಟಿಗಳು

ಚಿತ್ರ ಮುಗಿದ ಮೇಲೆ ಚೀಟಿ ಹಂಚಿದೆ,
ಹಳೆಯ ಪ್ರಶ್ನೆಪತ್ರಿಕೆ ಹರಿದು ಮಾಡಿದ್ದು.
ಹಾಸನ, ಸಾಲಗಾಮೆ ರಸ್ತೆ, ನಮ್ಮ ಹೈಸ್ಕೂಲಿನ ಉದ್ದ ಕೋಣೆ,
ಅರವತ್ತು ಕುರ್ಚಿ, ನಲವತ್ತೊಂದು ಜನ,
ಬಾಡಿಗೆಯ ಪ್ರೊಜೆಕ್ಟರು, ಅದರ ಬಿಸಿಯುಸಿರು ನನ್ನ ಮೊಣಕೈಗೆ.

ತೆರೆಯ ಮೇಲೆ ಒಂದೂವರೆ ಗಂಟೆ
ಒಂದು ದೂರದರ್ಶಕ ಹುಟ್ಟಿತು, ಮಡಚಿಕೊಂಡಿತು, ಹಾರಿತು,
ಹದಿನೈದು ಲಕ್ಷ ಕಿಲೋಮೀಟರು ಆಚೆ
ಒಂಟಿಯಾಗಿ ನಿಂತು
ತನ್ನನ್ನು ತಾನೇ ಬಿಚ್ಚಿಕೊಂಡಿತು.

ಮೊದಲ ಚೀಟಿ ಎಂಟನೇ ಕ್ಲಾಸಿನದು:
"ಇಂಟರ್‌ವಲ್ ಇರಲಿಲ್ಲ. ಆದರೂ ಪರವಾಗಿಲ್ಲ."
ಎರಡನೆಯದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರ ಭಾಗಾಕಾರ:
ಒಟ್ಟು ಖರ್ಚನ್ನು ಒಂದು ಶಾಲೆಯ ಚಾವಣಿಯಿಂದ ಭಾಗಿಸಿ
ಉತ್ತರದ ಕೆಳಗೆ ಎರಡು ಗೆರೆ.
ನಮ್ಮ ಚಾವಣಿಯೂ ಸೋರುತ್ತದೆ, ನಿಜ.
ಆದರೆ ಮೇಷ್ಟ್ರು ಕೊನೆಯ ಹೆಸರು ಹೋಗುವವರೆಗೂ
ಎದ್ದಿರಲಿಲ್ಲ.

ಕನ್ನಡಕದಂಗಡಿ ಇಲಿಯಾಸ್ ಬರೆಯಲಿಲ್ಲ,
ಬಾಗಿಲಲ್ಲೇ ಹಿಡಿದು ನಿಲ್ಲಿಸಿದ:
"ನಾನು ಉಜ್ಜಿದ ಗಾಜು ಚೂರು ತಪ್ಪಿದ್ರೆ
ಗಿರಾಕಿ ಮಾರನೇ ದಿನ ಬಂದು ಬೈತಾನೆ ಸಾರ್.
ಅದು ಯಾರ ಅಂಗಡಿಗೆ ವಾಪಸ್ ಬರಬೇಕು?"
ಹೇಳುತ್ತ ಹೇಳುತ್ತ ತನ್ನ ಕನ್ನಡಕ ತೆಗೆದು
ಅಂಗಿಯ ತುದಿಯಲ್ಲಿ ಒರೆಸಿದ.
ಹಾಗೆ ಒರೆಸಬೇಡಿ ಅಂತ ಊರಿಗೆಲ್ಲ ಹೇಳುವವನು.

ಬೇಲೂರಿನ ಗೈಡ್ ಜವರಪ್ಪನದು ದುಂಡು ಅಕ್ಷರ:
"ನಮ್ಮ ದರ್ಪಣ ಸುಂದರಿ ಇಷ್ಟು ಶತಮಾನ
ತನ್ನ ಮುಖವನ್ನೇ ನೋಡಿಕೊಂಡಳು.
ಈ ಕನ್ನಡಿಗೆ ಎಲ್ಲ ಕಂಡೀತು,
ತನ್ನ ಮುಖ ಒಂದು ಬಿಟ್ಟು."
ಚೆನ್ನಾಗಿದೆ. ನಾಳೆ ಹತ್ತರ ಬಸ್ಸಿನವರಿಗೆ ಹೇಳಲು
ಇಲ್ಲಿ ಒಮ್ಮೆ ಬರೆದು ನೋಡಿಕೊಂಡ ಹಾಗಿದೆ.

ನಡುವೆ ಕರೆಂಟು ಹೋಗಿತ್ತು,
ಕನ್ನಡಿಯ ಒಂದು ರೆಕ್ಕೆ ಅರ್ಧ ತೆರೆದಿದ್ದಾಗ.
ಅದೂ ಚಿತ್ರದ್ದೇ ಅಂದುಕೊಂಡವರು ಮೂವರು.
"ಕತ್ತಲೆಯ ಭಾಗ ಎಲ್ಲಕ್ಕಿಂತ ಚೆನ್ನ."
"ಮೈ ಜುಮ್ಮೆಂದಿತು."
"ಕತ್ತಲೆ ಸ್ವಲ್ಪ ಉದ್ದವಾಯಿತು."

ಫಿಲೋಮಿನಾ, ಯೂನಿಫಾರ್ಮ್ ಹೊಲಿಯುವವಳು,
ಚೀಟಿಯ ಎರಡೂ ಬದಿ ತುಂಬಿಸಿದ್ದಾಳೆ:
"ಬಿಸಿಲಿಗೆ ಐದು ಪದರದ ಪರದೆ, ಕೂದಲಿಗಿಂತ ತೆಳು.
ಅದಕ್ಕೆ ಹೊಲಿಗೆ ಹಾಕುವ ಒಂದು ಕೈ ತೋರಿಸಿದಿರಿ,
ಎರಡು ಸೆಕೆಂಡು.
ಆಮೇಲೆ ಟೈ ಕಟ್ಟಿದವರೇ ಮಾತಾಡಿದರು.
ಆ ಕೈಯ ಹೆಸರೇನು?"
ಚಿತ್ರ ನನ್ನದೇ ಎಂಬಂತೆ ನನಗೆ ನಾಚಿಕೆಯಾಗಿ
ಕೊನೆಯ ಪಟ್ಟಿಯನ್ನು ಹಿಂದಕ್ಕೆ ಓಡಿಸಿ ಹುಡುಕಿದೆ.
ಇರುವೆ ಸಾಲಿನಂಥ ಹೆಸರುಗಳು. ಸಿಗಲಿಲ್ಲ.

ಧರಣೇಂದ್ರಯ್ಯನವರು
ಇದೇ ಊರಿನ ಬೇಲಿಯೊಂದರ ಒಳಗೆ
ಉಪಗ್ರಹಗಳ ರಾತ್ರಿಪಾಳಿ ಮಾಡಿ ನಿವೃತ್ತರಾದವರು.
ಟೀ ಕುಡಿಯುತ್ತ ಅಂದರು:
"ಕಮಾಂಡ್ ಕಳಿಸಿದ ಮೇಲೆ ಡೋಲು ಬಾರಿಸ್ತಾರಲ್ರೀ, ಅದು ಸುಳ್ಳು.
ಆಗ ಕೇಳೋದು ಫ್ಯಾನು ಮಾತ್ರ.
ಪಕ್ಕದವನು ಕೆಮ್ಮಿದರೂ ಹೊಡೆಯೋಣ ಅನ್ಸುತ್ತೆ.
ಒಂದು ಸಲ, ಒಂದು, ಉತ್ತರ ಕೊಡಲೇ ಇಲ್ಲ."
ಯಾವುದು ಎಂದೆ.
ಲೋಟದ ತಳ ನೋಡಿ,
"ಸಕ್ಕರೆ ಕರಗಿಲ್ಲ," ಅಂದರು.

ಅವರ ಚೀಟಿಯಲ್ಲಿ ಹೊಗಳಿಕೆಯಿಲ್ಲ, ತಕರಾರಿಲ್ಲ,
ಕತ್ತಲಲ್ಲೇ ಬರೆದಿರಬೇಕು, ಮೊದಲ ಸಾಲು ಓರೆ:
"೭.೧೪ ಹೋಯಿತು.
೭.೨೫ ಬಂತು."

ಎಲ್ಲರೂ ಹೋದ ಮೇಲೆ ತೆರೆ ಇಳಿಸಿದೆ.
ಒಬ್ಬನ ತೋಳಿಗೆ ನಿಲುಕುವ ಬಟ್ಟೆಯಲ್ಲ ಅದು.
ಚಪ್ಪಲಿ ಹುಡುಕುತ್ತಿದ್ದ ಫಿಲೋಮಿನಾ ಬಂದು
ಆಚೆ ತುದಿ ಹಿಡಿದಳು.
"ಬಿಗಿಯಾಗಿ ಎಳೀರಿ. ಮೂಲೆಗೆ ಮೂಲೆ.
ಹೀಗೇ ಮಡಚಿರ್ತಾರೆ ಅಲ್ವಾ ಅವರೂ,
ಬಿಚ್ಚೋ ಹೊತ್ತಿಗೆ
ಅಲ್ಲಿ ಯಾರೂ ಇರಲ್ಲ ಅಂತ ಗೊತ್ತಿದ್ದು."

ಕೆಳಗಿನ ಅಂಚಿನಲ್ಲಿ ಗೇಣುದ್ದ ಹೊಲಿಗೆ ಬಿಟ್ಟಿತ್ತು.
ಬೆರಳಾಡಿಸಿ ನೋಡಿ,
"ನಾಳೆ ಹುಡುಗನ ಕೈಲಿ ಕಳಿಸಿ," ಅಂದಳು.